ತಲೆಚೀಲದ ಕೊಕ್ಕರೆ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದಿದ್ದ ದಿನಗಳು ಅವು. ಪ್ಲಾಸ್ಟರ್ ಕಲಸುವವರಿಗೆ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೈಯಲ್ಲಿದ್ದಾಗಲೇ ಗಟ್ಟಿಯಾಗುವುದೂ ಇಲ್ಲ, ಹಸಿಯಾಗಿ ಕೂತು ಸತಾಯಿಸುವುದೂ ಇಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿದು, ಕೈಗಳ ರಾಶಿಯನ್ನು ದಾಟಿ, ಕಾಲುಗಳ ರಾಶಿಯ ಹತ್ತಿರ ಬಂದಿತ್ತು. ಅಂದರೆ ಚಹಾ ಮುಗಿಸಿ ಮತ್ತೆ ಕೆಲಸಕ್ಕೆ ಕೂರುವ ಹೊತ್ತು. ಆ ಹೊತ್ತಿಗೆ ಚುಕ್ಕಿ ಕೊಕ್ಕರೆಯ ಮೂಗಿನ ಹೊಳ್ಳೆಗಳಿಗೆ ಒಂದೊಂದು ಹೀರುಕೊಳವೆ ತುರುಕಿ, "ಉಸಿರಾಡು ನೋಡೋಣ" ಅಂದಳು.

ನಮ್ಮದು ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳನ್ನು ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಉದ್ದನೆಯ ಒಂದು ಕೋಣೆ, ಹಿಂದೆ ಒಣಗಿಸುವ ಅಂಗಳ, ಅಷ್ಟೆ. ಯಜಮಾನ ಅಚ್ಚು ತೆಗೆದು ಎರಕ ಹೊಯ್ಯುತ್ತಾನೆ. ಅವನ ಅಕ್ಕನ ಮಗಳು ಮುಖಕ್ಕೆ ಬಣ್ಣ ಬರೆಯುತ್ತಾಳೆ. ನಾನು ತಲೆಗೆ ಕೂದಲು ಕೂರಿಸುತ್ತೇನೆ. ಎಲ್ಲ ಮುಗಿದ ಮೇಲೆ ಕಣ್ಣಿನ ಕಪ್ಪಿನ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಬಿಂದು ಇಡಬೇಕು. ಅದು ಬಿದ್ದ ಮೇಲೆಯೇ ಬೊಂಬೆ ನೋಡತೊಡಗುವುದು. ಅದನ್ನು ಆ ಹುಡುಗಿಯ ಹಾಗೆ ಇಡುವವರು ಇಲ್ಲ. ಹಾಗಾಗಿ ಅವಳ ಹೆಸರು ಚುಕ್ಕಿ ಎಂದೇ ಆಯಿತು. ಆಗ ಅವಳಿಗೆ ಹದಿನೇಳು. ಕೋಪ ಮೂಗಿನ ತುದಿಯಲ್ಲೇ.

ಕೊಕ್ಕರೆ ಎಂಬ ಹುಡುಗ ತಯಾರಾದ ಬೊಂಬೆಗಳನ್ನು ಮೂರು ಗಾಲಿಯ ಗಾಡಿಯಲ್ಲಿ ತುಂಬಿಕೊಂಡು ಅಂಗಡಿಗಳಿಗೆ ಮುಟ್ಟಿಸುವವನು. ಅವಳಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಮೈಯೆಲ್ಲ ಕಾಲೇ. ಹುಟ್ಟಿದಾಗಿನಿಂದ ಅವನ ಹೃದಯದಲ್ಲಿ ಒಂದು ತೂತಿತ್ತು. ಕೇಳಿದವರಿಗೆ, "ಗಾಳಿಯಾಡಲಿ ಅಂತ ಬಿಟ್ಟಿದ್ದಾರೆ" ಅನ್ನುತ್ತಿದ್ದ.

"ಡಾಕ್ಟರು ಭಾರ ಎತ್ತಬೇಡ ಅಂದಿದ್ದಾರಲ್ಲವೇನೋ" ಎಂದು ನಾನು ಗದರಿದರೆ, "ಇವು ಟೊಳ್ಳು ಅಜ್ಜಿ, ಒಳಗೆ ಏನೂ ಇಲ್ಲ. ನನ್ನ ತಲೆ ಹೊತ್ಕೊಂಡು ಓಡಾಡೋದೇ ಇದಕ್ಕಿಂತ ಭಾರ" ಅನ್ನುತ್ತಿದ್ದ.

"ಅದೂ ಟೊಳ್ಳೇ" ಅನ್ನುತ್ತಿದ್ದಳು ಚುಕ್ಕಿ, ಕುಂಚದಿಂದ ಕಣ್ಣು ಎತ್ತದೆ.

ಇಬ್ಬರೂ ಈ ಕೋಣೆಯಲ್ಲೇ ಜೊತೆಗೆ ಕೆಲಸ ಕಲಿತವರು. ಒಬ್ಬರನ್ನೊಬ್ಬರು ಬೈಯದಿದ್ದರೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ.

ಆ ವರ್ಷ ಒಂದು ದೊಡ್ಡ ಅಂಗಡಿಯವರು ಹೊಸದೊಂದು ಹುಡುಗನ ಮುಖ ಬೇಕು ಅಂದರು. ನಮ್ಮಲ್ಲಿದ್ದ ಗಂಡುಮುಖ ಯಜಮಾನನ ಷಡ್ಡಕನದು. ಅದಕ್ಕೆ ಎಂಥ ಕೋಟು ತೊಡಿಸಿದರೂ ಹಲ್ಲು ಕೀಳಿಸಲು ಬಂದು ಕೂತವನ ಹಾಗೆ ಕಾಣುತ್ತಿತ್ತು. ಹೊಸ ಅಚ್ಚನ್ನು ತಾನೇ ತೆಗೆಯುತ್ತೇನೆ ಎಂದು ಚುಕ್ಕಿ ಮಾವನ ಹಿಂದೆ ಬಿದ್ದಳು. ಅಚ್ಚಿನ ಮೇಜಿಗೆ ಬರಬೇಕೆಂಬುದು ಅವಳ ಬಹಳ ದಿನದ ಆಸೆ. ಯಜಮಾನ ಕೊನೆಗೆ, "ಒಂದೇ ಸಲ. ಸರಿ ಬಂದರೆ ಮೇಜು ನಿನ್ನದು. ಕೆಟ್ಟರೆ ಮತ್ತೆ ಅಚ್ಚಿನ ಸುದ್ದಿ ಎತ್ತಬಾರದು" ಅಂದ.

"ನನ್ನದು ತಗೊಳ್ಳೇ" ಅಂದ ಕೊಕ್ಕರೆ. "ಮುಖ ಸುಮ್ಮನೆ ಬಿದ್ದಿದೆ."

ಹೀಗೆ ಅವನನ್ನು ಮೇಜಿನ ಮೇಲೆ ಮಲಗಿಸಿ, ಹುಬ್ಬಿಗೆ ರೆಪ್ಪೆಗೆ ಎಣ್ಣೆ ಸವರಿ, ಮೂಗಿಗೆ ಕೊಳವೆ ಇಟ್ಟದ್ದಾಯಿತು.

"ಮಾತಾಡ್ಬೇಡ. ನಗ್ಬೇಡ. ಸತ್ತವನ ಹಾಗೆ ಮಲ್ಕೋ" ಅಂದಳು ಚುಕ್ಕಿ.

"ಅದೇನು ಕಷ್ಟ" ಅಂದ ಅವನು.

ಗಲ್ಲದಿಂದ ಶುರುಮಾಡಿ ಮೇಲಕ್ಕೆ ಪ್ಲಾಸ್ಟರ್ ಬಳಿಯುತ್ತ ಹೋದಳು. ಕೆಲಸದಲ್ಲಿ ಮನಸ್ಸಿಟ್ಟರೆ ಅವಳಿಗೆ ನಾಲಿಗೆ ಹೊರಗೆ ಬರುತ್ತದೆ, ಅದನ್ನು ಎಡಗಡೆಗೆ ಮಡಚಿ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ, ಕಣ್ಣು ಸ್ವಲ್ಪ ಮೆಳ್ಳೆಯಾಗುತ್ತದೆ. ಕಣ್ಣು ಕೊನೆಗೆ ಮುಚ್ಚಿದ್ದರಿಂದ ಅವನು ಅದನ್ನೇ ನೋಡಿಕೊಂಡು ಕತ್ತಲೆಗೆ ಹೋದ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಪ್ಲಾಸ್ಟರ್ ಬಿಸಿಯಾಗಿ ಹಿಡಿಯತೊಡಗಿತ್ತು. ಆಗ ಅವನ ಹೊಟ್ಟೆ ಅಲುಗಾಡಿತು. ಕೊಳವೆಗಳು ಸೀಟಿ ಹೊಡೆದವು. ಚುಕ್ಕಿ ಎರಡು ಕೈಯಿಂದ ಅವನ ಹೊಟ್ಟೆ ಅಮುಕಿ ಹಿಡಿದಳು, ಅದು ಇನ್ನೂ ಕೆಲಸ ಕೆಡಿಸಿತು. ಒಂದು ಕೊಳವೆ ಹಾರಿ ಹೋಗಿ ನನ್ನ ಅಂಟಿನ ಡಬ್ಬಿಯಲ್ಲಿ ನೆಟ್ಟಗೆ ನಿಂತಿತು.

ಬಿಡಿಸಿ ನೋಡಿದರೆ ಅಚ್ಚಿನಲ್ಲಿ ಎಡಗೆನ್ನೆ ಮೇಲೆದ್ದಿತ್ತು, ತುಟಿಯ ಒಂದು ತುದಿ ಅದರ ಜೊತೆಗೆ ಹೋಗಿತ್ತು.

ಯಜಮಾನ ಅದನ್ನು ಬೆಳಕಿಗೆ ಹಿಡಿದು, "ಇದು ಮುಖವೋ, ಒಂದು ಕಡೆ ಉಬ್ಬಿದ ಬ್ರೆಡ್ಡೋ" ಅಂದು ಅಟ್ಟದ ಮೇಲೆ ಇಟ್ಟ. ಮೇಜಿನ ಮಾತು ಅಲ್ಲಿಗೆ ಮುಗಿಯಿತು.

ಕೊಕ್ಕರೆ ಕಿವಿಯೊಳಗಿನ ಪುಡಿ ಕೊಡವುತ್ತ, "ಇನ್ನೊಂದು ಸಲ ಮಾಡೋಣ, ಈ ಸಲ ನಗಲ್ಲ" ಅಂದ.

ಚುಕ್ಕಿ ಕೈ ತೊಳೆದು ಬಂದು, "ಇನ್ನು ನನಗೆ ನಿನ್ನ ಮುಖ ತೋರಿಸ್ಬೇಡ" ಅಂದಳು. ಕೂಗಲಿಲ್ಲ. ಕೂಗಿದ್ದರೆ ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಮರುದಿನ ಬಾಗಿಲಲ್ಲಿ ಒಂದು ತಲೆಚೀಲ ಬಂದು ನಿಂತಿತು. ಬೊಂಬೆಯ ಮುಖದ ಬಣ್ಣಕ್ಕೆ ಗೀರು ಬೀಳದಿರಲಿ ಎಂದು ಸಾಗಿಸುವಾಗ ಪ್ರತಿ ತಲೆಗೂ ನಾವು ಒಂದು ಬಿಳಿ ಬಟ್ಟೆಯ ಚೀಲ ತೊಡಿಸುತ್ತೇವೆ. ಅಂಥ ಚೀಲಕ್ಕೆ ಎರಡು ತೂತು ಮಾಡಿ ಕೊಕ್ಕರೆ ಹಾಕಿಕೊಂಡು ಬಂದಿದ್ದ.

"ಮುಖ ತೋರಿಸ್ಬೇಡ ಅಂದಿದ್ದೆ" ಅಂದಳು ಚುಕ್ಕಿ.

"ಎಲ್ಲಿ ತೋರಿಸಿದೆ?" ಅಂದಿತು ಚೀಲ.

ಅವಳು ಗೋಡೆ ಕಡೆ ತಿರುಗಿ ನಿಂತಳು. ಆ ಗೋಡೆಗೆ ನಾನು ಕೂದಲು ನೇತುಹಾಕುವುದು, ನಾನು ಕೂರುವುದೂ ಅಲ್ಲೇ. ಅವನಿಗೆ ಕಂಡದ್ದು ಅವಳ ಬೆನ್ನು. ನನಗೆ ಕಂಡದ್ದು ಮುಖ. ಅವಳು ಒಂದು ಉದ್ದ ಕೂದಲಿನ ಟೋಪನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಕ್ಕು ಮುಗಿಸಿ, ಮುಖ ಒರೆಸಿ, ಕಲ್ಲಿನ ಹಾಗೆ ಮಾಡಿಕೊಂಡು ತಿರುಗಿ, "ಗಾಡಿ ತುಂಬಿಸ್ಕೊಂಡು ಹೋಗು" ಅಂದಳು.

ಅವನು ಹಾಗೆಯೇ ದಿನವೂ ಬಂದ. ಬೀದಿಯಲ್ಲೂ ಚೀಲ ತೆಗೆಯುತ್ತಿರಲಿಲ್ಲವಂತೆ. ಹಿಂದೆ ಚೀಲ ತೊಟ್ಟ ಬೊಂಬೆಗಳ ಸಾಲು, ಮುಂದೆ ಚೀಲ ತೊಟ್ಟ ಇವನು. ಚೌಕದ ಪೊಲೀಸಿನವನು ಗಾಡಿ ನಿಲ್ಲಿಸಿ, "ತೆಗಿಯೋ ಅದನ್ನ, ಮುಖ ತೋರಿಸು" ಅಂದರೆ, "ಆಗಲ್ಲ ಸಾರ್, ಒಬ್ಬರು ಬೇಡ ಅಂದಿದ್ದಾರೆ" ಅಂದನಂತೆ. ಪೊಲೀಸಿನವನು ಮನೆಯಲ್ಲಿ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ ದಿನವಿರಬೇಕು, "ಹೋಗಪ್ಪ" ಅಂದು ಕಳಿಸಿದನಂತೆ. ಇದನ್ನೆಲ್ಲ ಅವನು ನನಗೆ ಹೇಳುವ ಹಾಗೆ ಮಾಡಿ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದ. ಅವಳು ಗೋಡೆ ಕಡೆ ತಿರುಗುತ್ತಿದ್ದಳು. ಇನ್ನೆಷ್ಟು ದಿನ ಎಳೆಯುತ್ತಾಳೋ ಎಳೆಯಲಿ ಎಂದು ನಾನು ಸುಮ್ಮನಿದ್ದೆ. ಆ ವಯಸ್ಸಿನ ಮುನಿಸಿಗೆ ಬೇರೆಯವರು ಕೈ ಹಾಕಬಾರದು.

ಒಂದು ಮಂಗಳವಾರ ಬೆಳಗ್ಗೆ ಕೊಕ್ಕರೆ ಮನೆಯಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿದ. ಮತ್ತೆ ಏಳಲಿಲ್ಲ.

ನಾವೆಲ್ಲ ಹೋದೆವು. ಅವನ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಬಂದವರು ಸರಿಸಿ ನೋಡಿ ಮತ್ತೆ ಹೊದಿಸುತ್ತಿದ್ದರು. ಚುಕ್ಕಿ ಬಾಗಿಲ ಹತ್ತಿರವೇ ನಿಂತಳು. "ಬಾರೇ, ನೋಡು" ಎಂದು ಕೈ ಹಿಡಿದೆ. ಬರಲಿಲ್ಲ.

ಬಿಸಿಲು ಬಲಿಯಿತು. ದೊಡ್ಡ ಅಂಗಡಿಯವರು ಹೊಸ ಮುಖ ಎಲ್ಲಿ ಎಂದು ಯಜಮಾನನ ಬೆನ್ನು ಹತ್ತಿದರು. ಅವನಿಗೆ ಬೇರೆ ಮುಖ ಹುಡುಕುವ ಮನಸ್ಸಿರಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಅಟ್ಟದಿಂದ ಆ ಅಚ್ಚನ್ನು ಇಳಿಸಿ ಎರಕ ಹೊಯ್ದ. ಮುಚ್ಚಿದ್ದ ಕಣ್ಣನ್ನು ಚಾಕುವಿನಿಂದ ತೆರೆಸಿದ. ನೋಡಿದರೆ, ಕೆಟ್ಟಿತೆಂದು ಎತ್ತಿಟ್ಟಿದ್ದ ಮುಖ ಇನ್ನೇನು ಏನೋ ಹೇಳಿಬಿಡುವವನ ಹಾಗೆ ಇತ್ತು. ಅಂಗಡಿಯವನು ಅದನ್ನು ನೋಡಿದವನೇ, "ಇವನೇ ಬೇಕು. ನನ್ನ ಎಲ್ಲ ಗಾಜಿಗೂ ಇವನನ್ನೇ ನಿಲ್ಲಿಸಿ" ಅಂದ. ಅವನನ್ನು ನೋಡಿ ಬೇರೆ ಅಂಗಡಿಯವರೂ ಬಂದರು.

ಹೀಗೆ, ಮುಖ ತೋರಿಸಬೇಡ ಎಂದವಳ ಮೇಜಿನ ಮೇಲೆ ಅವನ ಮುಖ ಒಂದರ ಹಿಂದೊಂದು ಬಂದು ಸಾಲಾಗಿ ಕೂತಿತು.

ಚುಕ್ಕಿ ತುಟಿ ಬರೆದಳು, ಹುಬ್ಬು ಬರೆದಳು, ಕಣ್ಣಿನ ಕಪ್ಪು ಬರೆದಳು. ಬಿಳಿ ಬಣ್ಣದ ಡಬ್ಬಿ ಮಾತ್ರ ತೆರೆಯಲಿಲ್ಲ. "ಮಾವ, ಇವನಿಗೆ ಚುಕ್ಕಿ ನಾನು ಇಡಲ್ಲ" ಅಂದಳು.

"ಯಾಕೆ?"

ಅವನಿಗೆ ಹೇಳಲಿಲ್ಲ. ಸಂಜೆ ಕೂದಲು ಗುಡಿಸುವಾಗ ನನಗೆ ಹೇಳಿದಳು. "ಇಟ್ಟರೆ ಅವನು ನೋಡ್ತಾನೆ ಅಜ್ಜಿ. ನನ್ನನ್ನೇ ನೋಡ್ತಾನೆ. ಸಿಟ್ಟಲ್ಲೇ ಹೋದನೋ ಏನೋ. ನಾನು ಹೇಗೆ ಎದುರು ಕೂತ್ಕೊಳ್ಳಲಿ?"

"ಅವನಿಗೆ ಎಲ್ಲಿಯ ಸಿಟ್ಟೇ" ಅಂದೆ.

"ನೀವು ಹಾಗೇ ಹೇಳ್ತೀರ. ನೀವು ಅಜ್ಜಿ."

ಅಜ್ಜಿಯಂದಿರ ಸಮಾಧಾನವನ್ನು ಯಾರು ನಂಬುತ್ತಾರೆ.

ಬಿಂದುವಿಲ್ಲದೆ ಹೋದ ಬೊಂಬೆಗಳು ವಾಪಸು ಬರತೊಡಗಿದವು. ಪ್ಯಾಂಟಿನ ಅಂಗಡಿಯವನು ಒಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಏನ್ರೀ ಇದು, ಬಂದ ಗಿರಾಕಿಗಳೆಲ್ಲ ಇವನ ಕಣ್ಣ ಮುಂದೆ ಕೈ ಆಡಿಸಿ ನೋಡ್ತಾರೆ" ಅಂದ. ಯಜಮಾನ ಕನ್ನಡಕ ಏರಿಸಿಕೊಂಡು ತಾನೇ ಬಿಂದು ಇಟ್ಟ. ಒಬ್ಬನ ಕಣ್ಣುಗಳು ಎರಡು ಊರು ನೋಡುತ್ತಿದ್ದವು. ಇನ್ನೊಬ್ಬ ಹಾವು ಕಂಡವನ ಹಾಗಿದ್ದ. "ಆ ಹುಡುಗಿ ಮನಸ್ಸು ಮಾಡದಿದ್ದರೆ ಬಾಗಿಲು ಹಾಕೋದೇ" ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ಅವನಿಗೆ ಇನ್ನೊಂದು ಭಯವೂ ಇತ್ತು. ಕೊಕ್ಕರೆಯ ಅಮ್ಮ ಬಸ್ ಕಂಡಕ್ಟರ್. ಅವಳ ಬಸ್ಸು ಹೋಗುವುದೇ ಅಂಗಡಿ ಬೀದಿಯಲ್ಲಿ. ಕೇಳದೆ ಮಗನ ಮುಖವನ್ನು ಊರ ತುಂಬ ನಿಲ್ಲಿಸಿದ್ದೇವಲ್ಲ, ಆ ತಾಯಿ ನೋಡಿದರೆ ಏನಾದೀತು ಎಂದು ಅವನಿಗೆ ನಿದ್ದೆ ಹತ್ತಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಬದಲಿಗೆ ನನಗೆ ಮೀಸೆ ಮಾಡಲು ಹೇಳಿದ. ಉಳಿದ ಕೂದಲಿನಲ್ಲಿ ನಾನು ಒಂದು ಬುಟ್ಟಿ ಮೀಸೆ ಮಾಡಿದೆ. ಅವನು ಅಂಗಡಿ ಅಂಗಡಿಗೆ ಹೋಗಿ ಅಂಟಿಸಿ ಬಂದ. ಸೆಕೆಗೆ ಅಂಟು ಬಿಟ್ಟು ಕೆಲವು ಮೀಸೆ ಗಲ್ಲಕ್ಕೆ ಇಳಿದವು, ಒಂದು ಕೋಟಿನ ಜೇಬಿಗೆ ಬಿತ್ತು. ಆಮೇಲೆ ಬಸ್ಸಿನ ದಾರಿಯ ಬೊಂಬೆಗಳನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬಂದ. ಜನ ಅದನ್ನು ಹೊಸ ಫ್ಯಾಷನ್ ಎಂದುಕೊಂಡರು. ಬೆನ್ನಿಗೆ ಚಿತ್ರವಿದ್ದ ಅಂಗಿಗಳೆಲ್ಲ ಖಾಲಿಯಾದವು.

ಮೊದಲ ಮಳೆ ಬೀಳುವ ಮುಂಚೆ ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಸೀಟಿ ಕೇಳಿಸಿತು. ಕಂಡಕ್ಟರಮ್ಮ. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಕೂಗಿ ಕೂಗಿ ಒಡೆದ ಗಂಟಲು. ಬಾಗಿಲಿಗೆ ಅಡ್ಡ ನಿಂತಿದ್ದ ಬೊಂಬೆಗಳಿಗೆ ಅಭ್ಯಾಸಬಲದಿಂದ, "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ" ಅಂದು, ಆಮೇಲೆ ನೋಡಿ, ಕೈಯಿಂದ ಸರಿಸಿ ಒಳಗೆ ಬಂದಳು. ಯಜಮಾನ ಕಾಲುಗಳ ರಾಶಿಯ ಹಿಂದೆ ಹೋದ.

"ಯಾರು ಮಾಡಿದ್ದು ಇದನ್ನ?" ಅಂದಳು.

ಯಜಮಾನ ಕಾಲುಗಳ ನಡುವಿನಿಂದ ಎದ್ದು ನಿಂತ. "ನಾನೇ ತಾಯಿ. ಕೇಳದೆ ಮಾಡಿದೆ. ತಪ್ಪಾಯ್ತು. ಎಲ್ಲಾ ವಾಪಸು ತರಿಸ್ತೀನಿ."

"ಮೀಸೆ ಅಂಟಿಸಿದ್ದು ಯಾರು ಅಂತ ಕೇಳಿದ್ದು ನಾನು."

ಯಜಮಾನ ನನ್ನ ಕಡೆ ಕೈ ತೋರಿಸಿದ. ಅವನ ಧೈರ್ಯ ಯಾವಾಗಲೂ ಅಷ್ಟೇ.

"ಅವನಿಗೆ ಮೀಸೆ ಎಲ್ಲಿತ್ತು ಅಜ್ಜಿ? ಬರಲಿ ಬರಲಿ ಅಂತ ನನ್ನ ಕನ್ನಡಿ ಸವೆಸಿದ. ನೀವು ಅಂಟಿಸಿದ ಮೀಸೆಯಲ್ಲಿ ಥೇಟು ಅವನ ಚಿಕ್ಕಪ್ಪ. ಆ ಚಿಕ್ಕಪ್ಪನನ್ನ ನಾನು ಮನೆಗೇ ಸೇರಿಸಲ್ಲ."

ಕೂರಲು ಸ್ಟೂಲು ಕೊಟ್ಟೆ, ನೀರು ಕೊಟ್ಟೆ. ಕುಡಿದು ಹೇಳಿದಳು. ಗಾಜಿನ ಹಿಂದೆ ಅವನನ್ನು ಮೊದಲ ಸಲ ಕಂಡ ದಿನ ಬಾಯಲ್ಲಿದ್ದ ಸೀಟಿ ತಾನಾಗಿಯೇ ಊದಿಹೋಯಿತಂತೆ. ಡ್ರೈವರು ಯಾರೋ ಬಿದ್ದರು ಎಂದು ನಡುಬೀದಿಯಲ್ಲಿ ಬಸ್ಸು ನಿಲ್ಲಿಸಿದನಂತೆ. "ಎಲ್ಲಾ ನನ್ನನ್ನೇ ನೋಡಿದರು. ನಾನು ಟಿಕೆಟ್ ಟಿಕೆಟ್ ಅಂದೆ. ಇನ್ನೇನು ಅನ್ನಲಿ." ಆ ರಾತ್ರಿ ಅತ್ತಳಂತೆ. ಮರುದಿನ ಬಸ್ಸು ಆ ಬೀದಿಗೆ ಬರುವ ಮುಂಚೆಯೇ ತಲೆ ಬಾಚಿಕೊಂಡಳಂತೆ. "ತಿರುವಿನಲ್ಲಿ ಸ್ವೆಟರು, ಬ್ಯಾಂಕಿನ ಹತ್ತಿರ ಕೋಟು. ಇದ್ದಾಗ ಒಂದು ದಿನ ಇಸ್ತ್ರಿ ಅಂಗಿ ಹಾಕಿದವನಲ್ಲ. ದಿನಾ ನೋಡ್ಕೊಂಡು ಹೋಗ್ತಿದ್ದೆ. ಕಣ್ಣು ಮಾತ್ರ ಯಾಕೋ ಖಾಲಿ ಇತ್ತು. ಹೋಗಲಿ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಎಲ್ಲಾ ಕಡೆ ಬೆನ್ನು ತಿರುಗಿಸಿ ನಿಲ್ಲಿಸಿದ್ದೀರ. ಬೆನ್ನು ತಿರುಗಿಸೋಕೆ ಅವನೇನು ನನ್ನ ಜೊತೆ ಜಗಳ ಆಡಿದ್ದಾನಾ?"

ಬಣ್ಣದ ಮೇಜಿನಿಂದ ಚುಕ್ಕಿ, "ಜಗಳ ಆಡಿದ್ದು ನನ್ನ ಜೊತೆ" ಅಂದಳು. "ಮುಖ ತೋರಿಸ್ಬೇಡ ಅಂದಿದ್ದೆ. ಸರಿಮಾಡ್ಕೊಳ್ಳೋ ಮುಂಚೆ ಹೋದ."

ಕಂಡಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಚೀಲದ ಹುಡುಗಿ ನೀನೇನಾ?"

"ನಿಮಗೆ ಗೊತ್ತಾ?"

"ಗೊತ್ತಾ ಅಂದರೆ. ತೂತಿನ ನೂಲು ಎದ್ದು ಕಣ್ಣಿಗೆ ಚುಚ್ಚುತ್ತೆ ಅಂತ ಅಂಚು ಹೊಲಿಸ್ಕೊಂಡಿದ್ದು ನನ್ನ ಕೈಯಲ್ಲಿ. ಯಾರಪ್ಪ ನನ್ನ ಮಗನ ಮುಖ ಬೇಡ ಅನ್ನೋ ಮಹಾರಾಣಿ ಅಂತ ನನಗೆ ನಿನ್ನ ಮೇಲೆ ಸ್ವಲ್ಪ ಕೋಪ ಇತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟು ದಿನ ಅಂತ ಹಾಕ್ಕೊಳ್ತೀಯೋ, ಸೆಕೆ ಆಗಲ್ವಾ ಅಂದೆ. ಅವಳು ನಗ್ತಿದ್ದಾಳಮ್ಮ ಅಂದ. ಗೋಡೆ ಕಡೆ ತಿರುಗಿ ನಗ್ತಾಳೆ, ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾಳೆ, ಭುಜ ಕುಲುಕೋದು ಕಾಣುತ್ತೆ ಅಂದ. ತೆಗಿ ಅಂತ ಅವಳೇ ಹೇಳೋ ತನಕ ತೆಗೆಯಲ್ಲ ಅಂದ. ಅದು ಸೋಮವಾರ."

ಚುಕ್ಕಿ ಕುಂಚವನ್ನು ಕೆಳಗಿಟ್ಟಳು. "ಹಾಗಾದರೆ ಅವನಿಗೆ ಸಿಟ್ಟು ಇರಲಿಲ್ವಾ?" ಅಂದಳು.

"ಸಿಟ್ಟಾ? ಅಂಗಡಿಗೆ ಕಳಿಸಿದರೆ ಏನು ತರೋಕೆ ಬಂದೆ ಅಂತ ಬಾಗಿಲಲ್ಲೇ ಮರೀತಿದ್ದ. ಸಿಟ್ಟು ಇಟ್ಕೊಳ್ಳೋಕೂ ಜ್ಞಾಪಕಶಕ್ತಿ ಬೇಕಮ್ಮ."

ಚುಕ್ಕಿ ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೆ ಬಂದು ಮೂಗಿನಿಂದ ಒಂದು ಸದ್ದು ಹೊರಟಿತು. ಆಗಿನ ಕೊಳವೆಯ ಸೀಟಿಯ ಹಾಗೆಯೇ ಇತ್ತು ಅದು. ಈ ಸಲ ಗೋಡೆ ಕಡೆ ತಿರುಗಲಿಲ್ಲ.

"ಯಾಕೆ ನಕ್ಕ ಅವತ್ತು? ಅದನ್ನಾದರೂ ಹೇಳಿದ್ದನಾ?"

ಕಂಡಕ್ಟರಮ್ಮ ಹೇಳಲಿಲ್ಲ, ಮಾಡಿ ತೋರಿಸಿದಳು. ನಾಲಿಗೆ ಹೊರಗೆ, ಎಡಗಡೆಗೆ ಮಡಚಿ, ಹಲ್ಲಲ್ಲಿ ಕಚ್ಚಿ, ಕಣ್ಣು ಮೆಳ್ಳೆ. "ದಿನಾ ಊಟದ ಹೊತ್ತಿಗೆ ಇದೊಂದು. ನಾನು ಅಂದ್ಕೊಂಡಿದ್ದೆ, ಹುಡುಗಿಗೆ ಏನೋ ಕಾಯಿಲೆ ಅಂತ."

"ನಾನು ಹಾಗೆ ಮಾಡಲ್ಲ" ಅಂದಳು ಚುಕ್ಕಿ.

ನಾನು ನನ್ನ ಕೂದಲಿನ ಬುಟ್ಟಿಗೆ ಬಗ್ಗಿದೆ, ಯಜಮಾನ ಕಾಲುಗಳ ರಾಶಿಗೆ.

ಅವಳು ಬಿಳಿ ಬಣ್ಣದ ಡಬ್ಬಿ ತೆರೆದಳು. ಮೇಲೆ ಕೆನೆ ಕಟ್ಟಿತ್ತು, ಕಡ್ಡಿಯಿಂದ ತೆಗೆದಳು. ವಾಪಸು ಬಂದಿದ್ದ ಒಂದು ತಲೆಯನ್ನು ಎದುರಿಗೆ ಇಟ್ಟುಕೊಂಡಳು. "ನೇರ ಬೇಡ" ಅಂದಳು ಕಂಡಕ್ಟರಮ್ಮ ಹಿಂದೆ ನಿಂತು, "ಅವನು ಯಾವತ್ತೂ ನೇರ ನೋಡಿದವನಲ್ಲ."

"ನನಗೆ ಗೊತ್ತು" ಅಂದಳು ಚುಕ್ಕಿ. ಕುಂಚ ಹಿಡಿದಳು. ನಾಲಿಗೆ ತಾನಾಗಿಯೇ ಹೊರಗೆ ಬಂತು, ಎಡಗಡೆಗೆ ಮಡಚಿತು. ಕಂಡಕ್ಟರಮ್ಮ ಸೆರಗಿಲ್ಲದ್ದಕ್ಕೆ ಖಾಕಿ ತೋಳನ್ನೇ ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಭುಜ ಕುಲುಕುತ್ತಿತ್ತು. ಚುಕ್ಕಿಯ ಕೈ ಮಾತ್ರ ಅಲುಗಲಿಲ್ಲ. ಒಂದು ಕಣ್ಣು, ಆಮೇಲೆ ಇನ್ನೊಂದು. ಅವನು ನೋಡಿದ. ಅವಳು ಅವನ ಎದುರಿಗೇ ಕೂತಿದ್ದಳು.

ಆ ವಾರವೆಲ್ಲ ಅವಳು ಅಂಗಡಿ ಅಂಗಡಿಗೆ ಹೋಗಿ ಮೀಸೆ ಕಿತ್ತು, ಮುಖ ಬೀದಿಗೆ ತಿರುಗಿಸಿ, ಬಿಂದು ಇಟ್ಟು ಬಂದಳು. ಬೆನ್ನಿನ ಅಂಗಿ ಮಾರುತ್ತಿದ್ದ ಒಬ್ಬ ಅಂಗಡಿಯವನು ಮಾತ್ರ ಜಗಳಕ್ಕೆ ನಿಂತನಂತೆ. ಅಚ್ಚಿನ ಮೇಜಿನ ಮೇಲಿದ್ದ ತನ್ನ ಕನ್ನಡಕವನ್ನು ಯಜಮಾನ ತಾನೇ ಎತ್ತಿ, ಮೇಜನ್ನು ಅವಳಿಗೆ ಬಿಟ್ಟು, ಬೇರೆ ಕಡೆ ಇಟ್ಟುಕೊಂಡ. ಅವನ ಬಾಯಿಂದ ಅದಕ್ಕಿಂತ ಹೆಚ್ಚಿನ ಮಾತು ಬರುವುದಿಲ್ಲ.

ಕಂಡಕ್ಟರಮ್ಮ ಹೋಗುವಾಗ ಒಂದು ಮಾತು ಕೇಳಿದ್ದಳು. ಸೇತುವೆ ದಾಟಿದ ಮೇಲೆ ಕೊನೆಯ ನಿಲ್ದಾಣದ ತನಕ ಬಟ್ಟೆ ಅಂಗಡಿಗಳಿಲ್ಲ. ಆ ದಾರಿ ಬಹಳ ಉದ್ದ ಅನ್ನಿಸುತ್ತದೆ. ಕೊನೆಯ ನಿಲ್ದಾಣದ ಎದುರು ಛತ್ರಿ, ಮಳೆಕೋಟು ಮಾರುವ ಸಣ್ಣದೊಂದು ಅಂಗಡಿ ಇದೆ. ಅವರಿಗೆ ಒಬ್ಬ ಹುಡುಗ ಬೇಡವೇ?

ಅಚ್ಚು ಅಷ್ಟು ಹೊತ್ತಿಗೆ ಸವೆದಿತ್ತು. ಬಿಡಿಸಿದಾಗಲೆಲ್ಲ ಪುಡಿ ಉದುರಿ, ತಲೆಯಿಂದ ತಲೆಗೆ ಎಡಗೆನ್ನೆ ತಗ್ಗುತ್ತ ಬಂದಿತ್ತು. ನಗು ಉಳಿದಿದ್ದ ಕೊನೆಯ ಎರಕವನ್ನು ಚುಕ್ಕಿ ತಾನೇ ಹೊಯ್ದಳು. ನಾನು ಅದಕ್ಕೆ ಅವನ ಹಾಗೆಯೇ ಹಿಂದೆ ಎದ್ದು ನಿಲ್ಲುವ ಕೂದಲು ಕೂರಿಸಿದೆ.

ಬೇರೆ ಅಂಗಡಿಯವರೆಲ್ಲ ತಾವೇ ಬಂದು ಒಯ್ಯುತ್ತಿದ್ದರು, ಗಾಡಿಯನ್ನು ಓಡಿಸುವವರು ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಬಸ್ಸಿಗೇ ಹತ್ತಿಸಿದೆವು. ಮಳೆ ಶುರುವಾಗಿತ್ತು. ಚುಕ್ಕಿ ಅವನನ್ನು ಅಪ್ಪಿ ಹಿಡಿದು ಬಾಗಿಲಲ್ಲಿ ನಿಂತಳು, ತಲೆಗೆ ಚೀಲ ತೊಡಿಸಿತ್ತು. ಯಾರೋ ಮುದುಕರು, "ಸ್ವಲ್ಪ ಸರಿಯಪ್ಪ" ಎಂದು ಅವನ ಬೆನ್ನು ತಟ್ಟಿ ಒಳಗೆ ಹೋದರು.

ಕಂಡಕ್ಟರಮ್ಮ ಬಂದು, "ಈ ಬಸ್ಸಲ್ಲಿ ಮುಖ ಮುಚ್ಕೊಂಡು ಬರೋ ಹಾಗಿಲ್ಲ" ಅಂದಳು.

ಚುಕ್ಕಿ ಚೀಲದ ಗಂಟು ಬಿಚ್ಚಿದಳು. "ತೆಗಿಯೋ ಸಾಕು" ಅಂದಳು, ನನಗೆ ಕೆಳಗಿನಿಂದ ಕೇಳುವಷ್ಟು ಗಟ್ಟಿಯಾಗಿ, ಮತ್ತು ತಾನೇ ತೆಗೆದಳು.

ಕಂಡಕ್ಟರಮ್ಮ ಇಬ್ಬರಿಗೂ ಟಿಕೆಟ್ ಹರಿದು ಕೊಟ್ಟು ಸೀಟಿ ಊದಿದಳು. ಅವನು ಮೊದಲ ಸಲ ಹೋದದ್ದು ಮಂಗಳವಾರ, ಯಾರಿಗೂ ಹೇಳದೆ. ಈ ಸಲ ಹೋದದ್ದು ಶನಿವಾರ, ಮಧ್ಯಾಹ್ನದ ಬಸ್ಸಿಗೆ.